ನಿಮಗೆ ಮಾತಾಡಲು ಆಗದಾಗ ನಿಮ್ಮ ಚಿಕಿತ್ಸೆಯ ತೀರ್ಮಾನ ಯಾರದು? ಅವರನ್ನು ನೇಮಿಸುವ ಸಮಗ್ರ ಮಾರ್ಗದರ್ಶಿ

ಈ ಕೆಲಸ ಹೆಚ್ಚಿನವರಿಗೆ ಕೈಕೊಡುವುದು ಒಂದೇ ಕಾರಣಕ್ಕೆ. ಎಲ್ಲರೂ ಮೊದಲು ನೋಟರಿ ಹತ್ತಿರ ಹೋಗುತ್ತಾರೆ. ಎಲ್ಲಿಂದಲೋ ಸಿಕ್ಕ ನಮೂನೆಯಲ್ಲಿ ಹೆಸರು ತುಂಬಿ, ಸಹಿ ಮಾಡಿ, ಸೀಲ್ ಹಾಕಿಸಿ, ಬೀರುವಿನಲ್ಲಿ ಆಸ್ತಿ ಪತ್ರಗಳ ಜೊತೆ ಇಟ್ಟುಬಿಡುತ್ತಾರೆ. ಅದರಲ್ಲಿ ಯಾರ ಹೆಸರಿದೆಯೋ ಅವರಿಗೇ ವಿಷಯ ಗೊತ್ತಿರುವುದಿಲ್ಲ. ರಾತ್ರಿ ಹೊತ್ತು ಐಸಿಯು ಬಾಗಿಲಿಗೆ ಬಂದು ಡಾಕ್ಟರ್ "ವೆಂಟಿಲೇಟರ್ ಹಾಕೋದಾ, ಬೇಡ್ವಾ? ಬೇಗ ಹೇಳಿ" ಅಂದಾಗ ಆ ಕಾಗದ ಇನ್ನೂ ಬೀರುವಿನಲ್ಲೇ ಇರುತ್ತದೆ.

ಅದಕ್ಕೇ ಇಲ್ಲಿ ನೋಟರಿಯ ಸರದಿ ಬರುವುದು ಐದನೇ ಹಂತದಲ್ಲಿ. ಮೊದಲ ಮೂರು ಹಂತಗಳಲ್ಲಿ ಕಾಗದದ ಕೆಲಸವೇ ಇಲ್ಲ, ಬರೀ ಮಾತು. ಅವನ್ನು ಹಾರಿಸಿ ಮುಂದೆ ಹೋಗಬೇಡಿ.

## ಶುರು ಮಾಡುವ ಮುಂಚೆ: ಯಾವ ಕಾಗದ ಏನು ಮಾಡುತ್ತದೆ

ಭಾರತದಲ್ಲಿ ಇದಕ್ಕೆಂದೇ ಸಂಸತ್ತು ಮಾಡಿದ ಕಾಯ್ದೆ ಇಲ್ಲ. ಸುಪ್ರೀಂ ಕೋರ್ಟ್ 'ಕಾಮನ್ ಕಾಸ್' ಪ್ರಕರಣದಲ್ಲಿ 2018ರ ಮಾರ್ಚ್ 9ರಂದು ಕೊಟ್ಟ ತೀರ್ಪು ಮತ್ತು 2023ರ ಜನವರಿ 24ರಂದು ಅದಕ್ಕೆ ಮಾಡಿದ ತಿದ್ದುಪಡಿಯೇ ಈಗ ನಿಯಮ. ಅದನ್ನು ಜಾರಿಗೆ ತರಲು ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಸುತ್ತೋಲೆ ಹೊರಡಿಸಿದೆ. ಈ ಪತ್ರದ ಹೆಸರು 'ಅಡ್ವಾನ್ಸ್ ಮೆಡಿಕಲ್ ಡೈರೆಕ್ಟಿವ್'. ಜನ 'ಲಿವಿಂಗ್ ವಿಲ್' ಅನ್ನುತ್ತಾರೆ. ನಾನು ಇಲ್ಲಿ 'ನಿರ್ದೇಶನ ಪತ್ರ' ಎಂದು ಬರೆಯುತ್ತೇನೆ.

ಒಂದೇ ಪತ್ರದಲ್ಲಿ ಎರಡು ಕೆಲಸ ಆಗುತ್ತವೆ. ಯಾವ ಚಿಕಿತ್ಸೆ ಬೇಡ, ಯಾವಾಗ ಬೇಡ ಎಂದು ನೀವು ಹೇಳುತ್ತೀರಿ. ನಿಮಗೆ ಹೇಳಲು ಆಗದಾಗ ನಿಮ್ಮ ಪರವಾಗಿ ಒಪ್ಪಿಗೆ ಕೊಡುವವರನ್ನು ಹೆಸರಿಸುತ್ತೀರಿ. ಅವರನ್ನು 'ಪ್ರತಿನಿಧಿ' ಅನ್ನೋಣ.

ಈ ಪತ್ರಕ್ಕೆ ಬಲ ಬರುವುದು ಯಾವಾಗ ಎಂದು ಸರಿಯಾಗಿ ತಿಳಿದುಕೊಳ್ಳಿ. ಕಾಯಿಲೆ ಕೊನೆಯ ಹಂತದಲ್ಲಿರಬೇಕು. ದೀರ್ಘ ಚಿಕಿತ್ಸೆ ನಡೆಯುತ್ತಿದ್ದು ಗುಣವಾಗುವ ಆಸೆ ಇರಬಾರದು. ಜೊತೆಗೆ ನಿಮಗೆ ಸ್ವತಃ ತೀರ್ಮಾನಿಸುವ ಶಕ್ತಿ ಇರಬಾರದು. ಬೈಕ್ ಅಪಘಾತವಾಗಿ ಪ್ರಜ್ಞೆ ತಪ್ಪಿದವರಿಗೆ ಬದುಕುವ ಅವಕಾಶ ಇದ್ದರೆ ಚಿಕಿತ್ಸೆ ನಡೆಯುತ್ತದೆ, ಪತ್ರ ಅದನ್ನು ತಡೆಯುವುದಿಲ್ಲ. ಪ್ರಜ್ಞೆ ಇದ್ದು ಮಾತಾಡುತ್ತಿದ್ದರೆ ನಿಮ್ಮ ಮಾತೇ ಅಂತಿಮ. ಪತ್ರಕ್ಕೂ ಪ್ರತಿನಿಧಿಗೂ ಆಗ ಕೆಲಸವೇ ಇಲ್ಲ. ಇಂಜೆಕ್ಷನ್ ಕೊಟ್ಟು ಜೀವ ತೆಗೆಯಿರಿ ಎಂದು ಬರೆಯಲು ಕಾನೂನಿನಲ್ಲಿ ಅವಕಾಶ ಇಲ್ಲ.

ಜನ ಬೇರೆ ಕಾಗದಗಳನ್ನು ಇದಕ್ಕೆ ಸಮ ಎಂದುಕೊಳ್ಳುತ್ತಾರೆ. ಇನ್ಶೂರೆನ್ಸ್ ಅಥವಾ ಬ್ಯಾಂಕಿನ ನಾಮಿನಿಗೆ ಚಿಕಿತ್ಸೆ ಬಗ್ಗೆ ಯಾವ ಅಧಿಕಾರವೂ ಇಲ್ಲ. ಉಯಿಲು ಜಾರಿಗೆ ಬರುವುದು ಸತ್ತ ಮೇಲೆ.

ಎಲ್ಲಕ್ಕಿಂತ ದೊಡ್ಡ ತಪ್ಪು ಜಿಪಿಎ, ಅಂದರೆ ಜನರಲ್ ಪವರ್ ಆಫ್ ಅಟಾರ್ನಿ ವಿಷಯದಲ್ಲಿ ಆಗುತ್ತದೆ. "ಮಗನ ಹೆಸರಿಗೆ ಜಿಪಿಎ ಮಾಡಿಸಿದ್ದೀನಿ, ಎಲ್ಲಾ ಅವನೇ ನೋಡ್ಕೋತಾನೆ" ಅಂತ ನೆಮ್ಮದಿಯಾಗಿರುತ್ತಾರೆ. ಆದರೆ ಬರೆದುಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ ಭಾರತೀಯ ಕರಾರು ಕಾಯ್ದೆಯ 201ನೇ ಸೆಕ್ಷನ್ ಪ್ರಕಾರ ಆ ಅಧಿಕಾರ ಮುಗಿದುಹೋಗುತ್ತದೆ. ನಿಮಗೆ ಅದು ಬೇಕಾದ ಹೊತ್ತಿಗೇ ಇಲ್ಲವಾಗುತ್ತದೆ.

ಇನ್ನೊಂದು ವಿಷಯ ದುಡ್ಡಿನದು. ಪ್ರತಿನಿಧಿಯಾದ ಮಾತ್ರಕ್ಕೆ ನಿಮ್ಮ ಖಾತೆಯಿಂದ ಆಸ್ಪತ್ರೆ ಬಿಲ್ ಕಟ್ಟಲು ಆಗುವುದಿಲ್ಲ. ನಂಬಿಕೆ ಇರುವವರ ಜೊತೆ ಒಂದು ಖಾತೆಯನ್ನಾದರೂ 'ಐದರ್ ಆರ್ ಸರ್ವೈವರ್' ರೀತಿಯ, ಅಂದರೆ ಇಬ್ಬರಲ್ಲಿ ಯಾರು ಬೇಕಾದರೂ ಹಣ ತೆಗೆಯಬಹುದಾದ ಜಂಟಿ ಖಾತೆ ಮಾಡಿಸಿಟ್ಟುಕೊಳ್ಳಿ. ಇದು ಬೇರೆ ಕೆಲಸ ನಿಜ, ಆದರೆ ಮರೆತರೆ ತುಂಬಾ ಕಷ್ಟ.

## ಹಂತ 1: ವ್ಯಕ್ತಿಯನ್ನು ಆರಿಸಿ

ಹೆಂಡತಿ, ಗಂಡ ಅಥವಾ ದೊಡ್ಡ ಮಗ ಅಂತ ಯೋಚನೆ ಮಾಡದೆ ಬರೆದುಬಿಡುವವರೇ ಹೆಚ್ಚು. ಅವರೇ ಸರಿಯಾದ ವ್ಯಕ್ತಿ ಆಗಿರಬಹುದು. ಆಗಿರದೆಯೂ ಇರಬಹುದು. ನಿಮ್ಮನ್ನು ತುಂಬಾ ಪ್ರೀತಿಸುವವರಿಗೆ "ಸಾಕು, ನಿಲ್ಲಿಸಿ" ಎಂದು ಹೇಳುವುದೇ ಎಲ್ಲಕ್ಕಿಂತ ಕಷ್ಟ. ನಾನು ಆರಿಸುವುದಾದರೆ ಪ್ರೀತಿಗಿಂತ ಮೊದಲು ಗಟ್ಟಿತನ ನೋಡುತ್ತೇನೆ.

ಒಬ್ಬೊಬ್ಬರ ಹೆಸರು ಮನಸ್ಸಿಗೆ ಬಂದಾಗಲೂ ಈ ಪ್ರಶ್ನೆಗಳನ್ನು ಕೇಳಿಕೊಳ್ಳಿ. ಡಾಕ್ಟರ್ ಅರ್ಥವಾಗದ ಹಾಗೆ ಮಾತಾಡಿದರೆ "ಇನ್ನೊಂದು ಸಲ ಬಿಡಿಸಿ ಹೇಳಿ" ಅಂತ ಕೇಳುವ ಧೈರ್ಯ ಇವರಿಗಿದೆಯಾ? ಚಿಕ್ಕಪ್ಪ, ಸೋದರಮಾವ ಎಲ್ಲ ಸೇರಿ ಬೈದರೂ ನಿಮ್ಮ ಮಾತಿಗೆ ನಿಲ್ಲುತ್ತಾರಾ? ಇವರ ನಂಬಿಕೆ ನಿಮ್ಮದಕ್ಕಿಂತ ಬೇರೆ ಇದ್ದರೆ, ತಮ್ಮದನ್ನು ಪಕ್ಕಕ್ಕಿಟ್ಟು ನಿಮ್ಮದನ್ನು ಹೇಳುತ್ತಾರಾ? ಫೋನ್ ಮಾಡಿದರೆ ಎತ್ತುತ್ತಾರಾ? ಕೊನೆಯ ಪ್ರಶ್ನೆ ಚಿಕ್ಕದು ಅನ್ನಿಸಬಹುದು. ಐಸಿಯುನಲ್ಲಿ ಅದೇ ಮುಖ್ಯವಾಗುತ್ತದೆ.

ಹೊರದೇಶದಲ್ಲಿರುವ ಮಕ್ಕಳನ್ನು ಒಬ್ಬರೇ ಪ್ರತಿನಿಧಿಯಾಗಿ ಬರೆಯಬೇಡಿ. ಒಪ್ಪಿಗೆ ಪತ್ರಕ್ಕೆ ಸಹಿ ಬೇಕು, ವೈದ್ಯರ ಜೊತೆ ಎದುರು ಕೂತು ಮಾತಾಡಬೇಕು, ಕೆಲವು ಸಲ ದಿನಕ್ಕೆ ಎರಡು ಬಾರಿ. ಮಗಳು ಹೊರದೇಶದಲ್ಲಿದ್ದರೆ ಅವಳ ಜೊತೆ ಹತ್ತಿರದಲ್ಲಿರುವ ಇನ್ನೊಬ್ಬರನ್ನೂ ಸೇರಿಸಿ. 2023ರ ತಿದ್ದುಪಡಿಯಿಂದ ಒಬ್ಬರಿಗಿಂತ ಹೆಚ್ಚು ಜನರನ್ನು ಹೆಸರಿಸಲು ಅವಕಾಶ ಸಿಕ್ಕಿದೆ.

ಇಬ್ಬರನ್ನು ಹೆಸರಿಸಿದಾಗ 'ಇಬ್ಬರೂ ಒಪ್ಪಬೇಕು' ಎಂದು ಬರೆಯುವುದು ನ್ಯಾಯವಾಗಿ ಕಾಣುತ್ತದೆ. ಆದರೆ ಇಬ್ಬರಿಗೂ ಒಮ್ಮತ ಬಾರದಿದ್ದರೆ ನೀವು ಹಾಸಿಗೆಯಲ್ಲಿ, ತೀರ್ಮಾನ ಬಾಗಿಲಾಚೆ. 'ಮೊದಲು ಇವರು, ಇವರು ಸಿಗದಿದ್ದರೆ ಅಥವಾ ಇವರಿಂದ ಆಗದಿದ್ದರೆ ಅವರು' ಎಂದು ಕ್ರಮ ಹಾಕುವುದೇ ವಾಸಿ.

ಸ್ನೇಹಿತರನ್ನು ಹೆಸರಿಸಬಹುದಾ ಎಂದು ಬಹಳ ಜನ ಕೇಳುತ್ತಾರೆ. ಮದುವೆಯಾಗದವರಿಗೆ, ಮನೆಯವರ ಜೊತೆ ಸಂಬಂಧ ಕಡಿದುಹೋದವರಿಗೆ ಇದು ನಿಜವಾದ ಪ್ರಶ್ನೆ. ತೀರ್ಪಿನ ಪದಗಳು 'ಗಾರ್ಡಿಯನ್ ಅಥವಾ ಹತ್ತಿರದ ಸಂಬಂಧಿ'. ಹಾಗಾಗಿ ಸ್ನೇಹಿತರ ಹೆಸರು ಬರೆಯುವಾಗ 'ನನ್ನ ಗಾರ್ಡಿಯನ್ ಆಗಿ' ಎಂಬ ಪದವನ್ನೇ ಬಳಸಿ. ಈ ಒಂದು ಸಂದರ್ಭದಲ್ಲಿ ವಕೀಲರಿಗೆ ತೋರಿಸುವುದು ಒಳ್ಳೆಯದು.

ಎಚ್ಚರಿಕೆಯ ಗುರುತುಗಳು. ನೀವು ಕೇಳುವ ಮೊದಲೇ "ನಾನೇ ಆಗ್ತೀನಿ" ಎಂದು ಒತ್ತಾಯ ಮಾಡುವವರು. ಬರೆದು ತಂದ ಕಾಗದಕ್ಕೆ "ಸುಮ್ನೆ ಒಂದು ಸಹಿ ಹಾಕಿ" ಅನ್ನುವವರು. ಆಸ್ತಿ ಜಗಳದಲ್ಲಿ ಇರುವವರು. ಇಂಥವರು ಎಷ್ಟೇ ಹತ್ತಿರದವರಾದರೂ ಈ ಕೆಲಸಕ್ಕೆ ಬೇಡ.

## ಹಂತ 2: ಡಾಕ್ಟರ್ ಜೊತೆ ಕೂತು ಅರ್ಥ ಮಾಡಿಕೊಳ್ಳಿ

ಏನು ಬೇಡ ಎಂದು ಬರೆಯುವ ಮೊದಲು ಅದು ಏನೆಂದು ಗೊತ್ತಿರಬೇಕು ಅಲ್ವಾ? ನಿಮ್ಮನ್ನು ನೋಡುತ್ತಿರುವ ಡಾಕ್ಟರ್ ಹತ್ತಿರ ಇದಕ್ಕೇ ಸಮಯ ಕೇಳಿ ಹೋಗಿ. ಶುಗರ್ ರಿಪೋರ್ಟ್ ತೋರಿಸಲು ಹೋದಾಗ ಬಾಗಿಲಲ್ಲಿ ನಿಂತು ಕೇಳುವ ವಿಷಯ ಇದಲ್ಲ.

ಐದು ಪದಗಳ ಬಗ್ಗೆ ಕೇಳಿ ತಿಳಿದುಕೊಳ್ಳಿ. ಸಿಪಿಆರ್: ಹೃದಯ ನಿಂತಾಗ ಎದೆ ಒತ್ತುವುದು, ಶಾಕ್ ಕೊಡುವುದು. ಕಾಯಿಲೆ ಕೊನೆಯ ಹಂತ ತಲುಪಿದವರಲ್ಲಿ ಇದರಿಂದ ಪಕ್ಕೆಲುಬು ಮುರಿಯುವ ಸಂಭವ ಜಾಸ್ತಿ, ಪ್ರಯೋಜನ ಬಹಳ ಕಡಿಮೆ. ವೆಂಟಿಲೇಟರ್: ಗಂಟಲಿಗೆ ನಳಿಕೆ ಹಾಕಿ ಯಂತ್ರದಿಂದ ಉಸಿರಾಡಿಸುವುದು. ಬಹಳ ದಿನ ಮುಂದುವರಿದರೆ ಕತ್ತಿನಲ್ಲಿ ತೂತು ಮಾಡಿ ನಳಿಕೆ ಇಡುತ್ತಾರೆ, ಅದೇ ಟ್ರೇಕಿಯಾಸ್ಟಮಿ. ಡಯಾಲಿಸಿಸ್: ಕಿಡ್ನಿ ಕೈಕೊಟ್ಟಾಗ ಯಂತ್ರದಿಂದ ರಕ್ತ ಶುದ್ಧ ಮಾಡುವುದು. ಮೂಗಿನಿಂದ ಅಥವಾ ಹೊಟ್ಟೆಯಿಂದ ನಳಿಕೆಯಲ್ಲಿ ಆಹಾರ ಕೊಡುವುದು ಐದನೆಯದು. ಬರೆಯುವಾಗ ಜನ ಮರೆಯುವುದು ಇದನ್ನೇ.

ನಿಮಗೆ ಈಗಾಗಲೇ ಕಾಯಿಲೆ ಇದ್ದರೆ ನೇರವಾಗಿ ಕೇಳಿ: "ಈ ಕಾಯಿಲೆ ಜೋರಾದರೆ ಮೊದಲು ಏನು ಕೈಕೊಡುತ್ತದೆ? ಆಗ ನೀವು ಏನು ಮಾಡುತ್ತೀರಿ? ಅದನ್ನು ಮಾಡಿದರೆ ನಾನು ಮನೆಗೆ ಬರುತ್ತೇನಾ?" ಶ್ವಾಸಕೋಶದ ಕಾಯಿಲೆ ಇರುವವರ ಉತ್ತರವೇ ಬೇರೆ, ಮರೆವಿನ ಕಾಯಿಲೆಯವರದೇ ಬೇರೆ.

ಒಂದು ಮಾತು ಇಲ್ಲೇ ಸ್ಪಷ್ಟವಾಗಲಿ. ವೆಂಟಿಲೇಟರ್ ಬೇಡ ಎಂದರೆ ಆರೈಕೆ ಬೇಡ ಎಂದಲ್ಲ. ನೋವು ಕಡಿಮೆ ಮಾಡುವುದು, ಉಸಿರಿನ ಸಂಕಟ ಇಳಿಸುವುದು, ಬಾಯಿ ಒಣಗದ ಹಾಗೆ ನೋಡಿಕೊಳ್ಳುವುದು ಕೊನೆಯವರೆಗೂ ನಡೆಯುತ್ತದೆ. ಇದಕ್ಕೆ ಪ್ಯಾಲಿಯೇಟಿವ್ ಕೇರ್ ಅನ್ನುತ್ತಾರೆ. ಪತ್ರ ಇಲ್ಲದ ಎಷ್ಟೋ ಮನೆಗಳಲ್ಲಿ "ಡಾಕ್ಟರ್ ಮಾತಿಗೆ ವಿರುದ್ಧವಾಗಿ ಕರಕೊಂಡು ಹೋಗ್ತಿದ್ದೀವಿ" ಎಂದು ಬರೆದುಕೊಟ್ಟು ರೋಗಿಯನ್ನು ಮನೆಗೆ ತರುತ್ತಾರೆ. ಅಲ್ಲಿ ನೋವಿಗೆ ಮಾತ್ರೆಯೂ ಇರುವುದಿಲ್ಲ. ಅದನ್ನು ತಪ್ಪಿಸುವುದಕ್ಕೇ ಈ ಎಲ್ಲ ಕಷ್ಟ.

## ಹಂತ 3: ಪ್ರತಿನಿಧಿಯ ಜೊತೆ ಮಾತಾಡಿ

ಎಲ್ಲಕ್ಕಿಂತ ಹೆಚ್ಚು ಸಮಯ ಬೇಡುವ ಹಂತ ಇದು. ಹೆಚ್ಚಿನವರು ಹಾರಿಸುವುದೂ ಇದನ್ನೇ.

"ನನಗೇನಾದರೂ ಆದರೆ ನೀನು ನೋಡ್ಕೋ" ಅಂದರೆ ಅವರು "ಹೂಂ" ಅನ್ನುತ್ತಾರೆ. ಮಾತು ಮುಗಿಯುತ್ತದೆ. ಆ "ಹೂಂ" ಎನ್ನುವುದನ್ನು ನಂಬಬೇಡಿ. ಏನು ನೋಡಿಕೊಳ್ಳಬೇಕು ಎಂದು ಅವರಿಗೂ ಗೊತ್ತಿಲ್ಲ, ನೀವೂ ಹೇಳಿಲ್ಲ.

ಬದಲಿಗೆ ಒಂದು ಸನ್ನಿವೇಶ ಕೊಟ್ಟು ಕೇಳಿ. ಅಕ್ಕ ತಂಗಿಗೆ ಹೀಗೆ ಕೇಳಬಹುದು:

"ನನಗೆ ಸ್ಟ್ರೋಕ್ ಆಗಿದೆ ಅಂದ್ಕೋ. ಎರಡು ವಾರ ಆಯ್ತು, ಕಣ್ಣು ಬಿಟ್ಟಿಲ್ಲ. ಬೇರೆ ಕಾಯಿಲೆಗಳೂ ಜೋರಾಗಿವೆ. ಚೇತರಿಸಿಕೊಳ್ಳಲ್ಲ ಅಂತ ಡಾಕ್ಟರ್‌ಗಳು ಹೇಳಿದ್ದಾರೆ. ಕತ್ತಿನಲ್ಲಿ ನಳಿಕೆ ಹಾಕೋಣ್ವಾ ಅಂತ ಕೇಳ್ತಿದ್ದಾರೆ. ನೀನು ಏನಂತೀಯ?"

"ಹಾಕಿ ಅಂತೀನಿ. ಇನ್ನೇನು ಹೇಳಲಿ?"

"ನನಗೆ ಅದು ಬೇಡ. ಯಾಕೆ ಅಂತ ಹೇಳ್ತೀನಿ, ಕೇಳು."

ಕೆಲಸ ಶುರುವಾಗುವುದು ಇಲ್ಲಿಂದ. ನಿಮ್ಮ ಕಾರಣ ಹೇಳಿ. ನಿಮಗೆ ಬದುಕು ಅಂದರೆ ಏನು ಎಂದು ಹೇಳಿ. ಕೆಲವರಿಗೆ ಮನೆಯವರ ಗುರುತು ಹಿಡಿಯುವಷ್ಟು ನೆನಪಿದ್ದರೆ ಸಾಕು, ಹಾಸಿಗೆಯಲ್ಲೇ ಇದ್ದರೂ ಪರವಾಗಿಲ್ಲ. ಇನ್ನು ಕೆಲವರಿಗೆ ತಮ್ಮ ಕೈಯಿಂದ ತಾವು ಊಟ ಮಾಡಲು ಆಗದಿದ್ದರೆ ಬೇಡ. ಇದರಲ್ಲಿ ಸರಿ ತಪ್ಪು ಇಲ್ಲ. "ಎಷ್ಟು ದಿನ ಆದರೂ ಸರಿ, ಎಲ್ಲ ಪ್ರಯತ್ನ ಮಾಡಿ" ಅನ್ನುವುದು ನಿಮ್ಮ ಮನಸ್ಸಾದರೆ ಅದನ್ನೂ ಹೇಳಿ, ಅದನ್ನೂ ಬರೆಯಿರಿ. ಡಾಕ್ಟರಿಗೂ ಮನೆಯವರಿಗೂ ಅದರಿಂದ ದಾರಿ ತಿಳಿಯುತ್ತದೆ.

ಪತ್ರದಲ್ಲಿ ಬರೆಯದ ಪರಿಸ್ಥಿತಿ ಬಂದೇ ಬರುತ್ತದೆ. ಆಗ ಪ್ರತಿನಿಧಿ ನೆನಪಿಸಿಕೊಳ್ಳುವುದು ಈ ಮಾತುಕತೆಯನ್ನು. ಮಾತಾಡಿದ ಮೇಲೆ ಅವರಿಗೆ "ನಾನು ಏನು ಹೇಳಿದೆ ಅಂತ ನೀನು ಹೇಳು" ಅನ್ನಿ. ಅವರ ಬಾಯಲ್ಲಿ ಬೇರೆ ಏನಾದರೂ ಬಂದರೆ ಇನ್ನೊಮ್ಮೆ ಕೂರಿ.

ಎಚ್ಚರಿಕೆಯ ಗುರುತು. ಪ್ರತಿ ಸಲವೂ "ಬಿಡ್ತು ಅನ್ನಿ, ಅಪಶಕುನದ ಮಾತು ಯಾಕೆ" ಎಂದು ಎದ್ದುಹೋಗುವವರು. ಮೊದಲ ಸಲ ಹಾಗೆ ಅನ್ನುವುದು ಸಹಜ, ಬೇಜಾರು ಮಾಡಿಕೊಳ್ಳಬೇಡಿ. ಆಮೇಲೂ ಕೂತು ಮಾತಾಡಲು ಆಗದವರಿಗೆ ಆಸ್ಪತ್ರೆಯಲ್ಲಿ ಇನ್ನೂ ಕಷ್ಟವಾಗುತ್ತದೆ. ಒಂದನೇ ಹಂತಕ್ಕೆ ವಾಪಸ್ ಹೋಗಿ ಬೇರೆ ಹೆಸರು ಯೋಚಿಸಿ. ಅವರ ಮೇಲೆ ಪ್ರೀತಿ ಕಡಿಮೆಯಾಯಿತು ಎಂದಲ್ಲ.

## ಹಂತ 4: ಪತ್ರ ಬರೆಯಿರಿ

ಬರೆಯುವವರು 18 ವರ್ಷ ತುಂಬಿದವರಾಗಿರಬೇಕು, ಬುದ್ಧಿ ಸ್ವಾಧೀನದಲ್ಲಿರಬೇಕು, ಯಾರ ಒತ್ತಾಯವೂ ಇರಬಾರದು. ಪತ್ರ ಲಿಖಿತವಾಗಿರಬೇಕು. ವಾಟ್ಸಾಪ್ ಮೆಸೇಜ್, ವಿಡಿಯೋ, ಬಾಯಿಮಾತು ಪತ್ರದ ಜಾಗಕ್ಕೆ ಬರುವುದಿಲ್ಲ. ಪತ್ರದ ಜೊತೆಗೆ ವಿಡಿಯೋ ಮಾಡಿಟ್ಟರೆ ಮನೆಯವರಿಗೆ ಸಹಾಯವಾಗಬಹುದು, ಅಷ್ಟೇ.

ಒಳಗೆ ಇರಲೇಬೇಕಾದ ವಿಷಯಗಳು ಇಷ್ಟು: ನಿಮ್ಮ ಗುರುತು. ಯಾವ ಪರಿಸ್ಥಿತಿಯಲ್ಲಿ ಯಾವ ಚಿಕಿತ್ಸೆ ಬೇಡ ಎಂಬುದು. ಪ್ರತಿನಿಧಿಗಳ ಹೆಸರು, ವಿಳಾಸ, ಫೋನ್, ನಿಮಗೆ ಏನಾಗಬೇಕು. ಅವರಿಗೆ ಕೊಟ್ಟ ಅಧಿಕಾರ. ಇದರ ಪರಿಣಾಮ ನನಗೆ ಗೊತ್ತಿದೆ ಎಂಬ ಮಾತು. ಯಾವಾಗ ಬೇಕಾದರೂ ಇದನ್ನು ರದ್ದು ಮಾಡಬಹುದು ಎಂಬ ಮಾತು.

ಪತ್ರ ಸೋಲುವುದು ಹೆಚ್ಚಾಗಿ ಒಂದು ವಾಕ್ಯದಲ್ಲಿ. ಈ ಸಾಲು ನೋಡಿ:

*"ನನ್ನನ್ನು ಯಂತ್ರಗಳ ಮೇಲೆ ಇಡಬಾರದು."*

ಮನಸ್ಸಿನಲ್ಲಿ ಇರುವುದು ಸರಿ. ಆದರೆ ಆಪರೇಷನ್ ಆದ ಮೇಲೆ ಒಂದು ರಾತ್ರಿ ಹಾಕುವ ವೆಂಟಿಲೇಟರ್ ಕೂಡ ಯಂತ್ರ. ಪೇಸ್‌ಮೇಕರ್ ಕೂಡ ಯಂತ್ರ. ಡಾಕ್ಟರ್ ಯಾವುದನ್ನು ಬಿಡಬೇಕು? ಪತ್ರ ಸ್ಪಷ್ಟವಾಗಿಲ್ಲದಿದ್ದರೆ ವೈದ್ಯಕೀಯ ಮಂಡಳಿ (ತೀರ್ಮಾನ ಪರಿಶೀಲಿಸುವ ವೈದ್ಯರ ತಂಡ, ವಿವರ 8ನೇ ಹಂತದಲ್ಲಿದೆ) ಅದನ್ನು ಜಾರಿ ಮಾಡುವಂತಿಲ್ಲ. ಪತ್ರ ಬರೆಯದವರಿಗೆ ಇರುವ ನಿಯಮವೇ ಆಗ ನಿಮಗೂ ಅನ್ವಯಿಸುತ್ತದೆ. ಅದನ್ನೇ ಹೀಗೆ ಬರೆದರೆ ಗೊಂದಲ ಇರುವುದಿಲ್ಲ:

*"ನನಗೆ ಗುಣವಾಗದ ಕಾಯಿಲೆ ಕೊನೆಯ ಹಂತ ತಲುಪಿ, ಚೇತರಿಕೆಯ ಆಸೆ ಇಲ್ಲವೆಂದು ವೈದ್ಯಕೀಯ ಮಂಡಳಿಗಳು ಅಭಿಪ್ರಾಯಪಟ್ಟಾಗ, ಮತ್ತು ನನಗೆ ಸ್ವತಃ ತೀರ್ಮಾನಿಸುವ ಶಕ್ತಿ ಇಲ್ಲದಿದ್ದಾಗ, ವೆಂಟಿಲೇಟರ್, ಡಯಾಲಿಸಿಸ್ ಮತ್ತು ಸಿಪಿಆರ್ ಶುರು ಮಾಡಬಾರದು. ಅಷ್ಟರಲ್ಲಿ ಶುರು ಮಾಡಿದ್ದರೆ ನಿಲ್ಲಿಸಬೇಕು. ನೋವು, ಉಸಿರಿನ ಸಂಕಟ ಮತ್ತು ಗಾಬರಿ ಕಡಿಮೆ ಮಾಡುವ ಔಷಧಿಗಳನ್ನು ಕೊನೆಯವರೆಗೂ ಕೊಡಬೇಕು."*

'ಶುರು ಮಾಡಿದ್ದರೆ ನಿಲ್ಲಿಸಬೇಕು' ಎಂಬ ಮಾತನ್ನು ಬಿಡಬೇಡಿ. ತುರ್ತು ವಿಭಾಗದಲ್ಲಿ ಪತ್ರ ಹುಡುಕುವಷ್ಟು ಸಮಯ ಯಾರಿಗೂ ಇರುವುದಿಲ್ಲ. ಮೊದಲು ಜೀವ ಉಳಿಸಲು ನೋಡುತ್ತಾರೆ, ನೋಡಲೇಬೇಕು. ನಳಿಕೆ ಹಾಕಿದ ಮೇಲೂ ದಾರಿ ಇರಬೇಕಾದರೆ ಈ ಮಾತು ಬೇಕು.

ಪ್ರತಿನಿಧಿಯ ಸಾಲು ಹೀಗಿರಬಹುದು:

*"ಇಂಥ ಸಂದರ್ಭದಲ್ಲಿ ಈ ಪತ್ರಕ್ಕೆ ಅನುಗುಣವಾಗಿ ಚಿಕಿತ್ಸೆ ನಿರಾಕರಿಸಲು ಅಥವಾ ನಿಲ್ಲಿಸಲು ಒಪ್ಪಿಗೆ ಕೊಡುವ ಅಧಿಕಾರವನ್ನು ನನ್ನ ತಂಗಿ ______ ಅವರಿಗೆ ಕೊಟ್ಟಿದ್ದೇನೆ. ಅವರು ಸಿಗದಿದ್ದರೆ ಅಥವಾ ಅವರಿಂದ ಆಗದಿದ್ದರೆ ನನ್ನ ಮಗ ______ ಅವರಿಗೆ ಈ ಅಧಿಕಾರ ಇರುತ್ತದೆ."*

ಇದರ ಕೆಳಗೆ ಇನ್ನೊಂದು ಸಾಲು ಸೇರಿಸಿ: ಕೊನೆಯ ಹಂತವಲ್ಲದ ಕಾಯಿಲೆಯಲ್ಲೂ ನನಗೆ ಪ್ರಜ್ಞೆ ಇಲ್ಲದಿದ್ದರೆ ಚಿಕಿತ್ಸೆ ಬಗ್ಗೆ ಇವರ ಜೊತೆಯೇ ಮಾತಾಡಿ ಎಂದು. ಸುಪ್ರೀಂ ಕೋರ್ಟಿನ ನಿಯಮ ಅಷ್ಟು ದೂರ ಬರುವುದಿಲ್ಲ. ಆದರೂ ಮನೆಯವರು ನಾಲ್ಕು ಜನ ನಾಲ್ಕು ಮಾತು ಹೇಳುವಾಗ ಯಾರ ಕಡೆ ತಿರುಗಬೇಕು ಎಂದು ಆಸ್ಪತ್ರೆಗೆ ಗೊತ್ತಾಗುತ್ತದೆ.

ನೀವು ಯಾವ ಭಾಷೆಯಲ್ಲಿ ಯೋಚಿಸುತ್ತೀರೋ ಆ ಭಾಷೆಯಲ್ಲೇ ಬರೆಯಿರಿ. ಕನ್ನಡದಲ್ಲಿ ಬರೆದರೆ ಜೊತೆಗೆ ಇಂಗ್ಲಿಷ್ ಪ್ರತಿಯನ್ನೂ ಮಾಡಿಸಿ, ಯಾಕೆಂದರೆ ಐಸಿಯು ಡಾಕ್ಟರಿಗೆ ಕನ್ನಡ ಓದಲು ಬರುತ್ತದೆ ಎಂದು ಹೇಳಲಾಗದು. ಎರಡರಲ್ಲಿ ವ್ಯತ್ಯಾಸ ಬಂದರೆ ಯಾವುದು ಅಂತಿಮ ಎಂದೂ ಬರೆಯಿರಿ. ಓದಲು ಬಾರದ ಹಿರಿಯರಾದರೆ ಪೂರ್ತಿ ಓದಿ ಹೇಳಿ, 'ಓದಿ ಹೇಳಿಸಿ ಕೇಳಿ ಅರ್ಥ ಮಾಡಿಕೊಂಡಿದ್ದೇನೆ' ಎಂಬ ಸಾಲು ಹಾಕಿ ಹೆಬ್ಬೆಟ್ಟು ತೆಗೆದುಕೊಳ್ಳಿ.

ಅಂಗಾಂಗ ದಾನದ ಆಸೆ ಇದ್ದರೆ ಒಂದು ಸಾಲಿನಲ್ಲಿ ಬರೆಯಿರಿ. ಆದರೆ ಅದರ ನೋಂದಣಿ ಬೇರೆ. ಕರ್ನಾಟಕದಲ್ಲಿ ಆ ಕೆಲಸ ನೋಡುವುದು 'ಜೀವಸಾರ್ಥಕತೆ' ಸಂಸ್ಥೆ.

## ಹಂತ 5: ಸಾಕ್ಷಿ, ನೋಟರಿ, ಸಹಿ

ಈಗ ನೋಟರಿ ಹತ್ತಿರ ಹೋಗಬಹುದು. ಜೊತೆಗೆ ಬೇಕಾದದ್ದು: ಪತ್ರದ ಮೂರ್ನಾಲ್ಕು ಮೂಲ ಪ್ರತಿಗಳು, ನಿಮ್ಮ ಗುರುತಿನ ಚೀಟಿ, ಇಬ್ಬರು ಸಾಕ್ಷಿಗಳು ಮತ್ತು ಅವರ ಗುರುತಿನ ಚೀಟಿ. ಒಂದೇ ಮೂಲ ಪ್ರತಿ ಮಾಡಿಸಿದರೆ ಅದು ಎಲ್ಲಿದೆ ಎಂದು ಹುಡುಕುವುದೇ ಆಮೇಲೆ ಒಂದು ಕೆಲಸವಾಗುತ್ತದೆ.

2018ರ ತೀರ್ಪಿನಲ್ಲಿ ಮ್ಯಾಜಿಸ್ಟ್ರೇಟ್ ಸಹಿ ಬೇಕಿತ್ತು. ಅದು ಜನಸಾಮಾನ್ಯರಿಗೆ ಸಾಧ್ಯವಾಗದ ಮಾತಾಗಿತ್ತು. 2023ರಿಂದ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು. ಹಳೆಯ ನಮೂನೆಗಳಲ್ಲಿ ಇನ್ನೂ ಮ್ಯಾಜಿಸ್ಟ್ರೇಟ್ ಜಾಗ ಖಾಲಿ ಬಿಟ್ಟಿರುತ್ತದೆ. ಅಂಥದ್ದು ಕೈಗೆ ಬಂದರೆ ಬಳಸಬೇಡಿ.

ಸಾಕ್ಷಿಗಳು ಸ್ವತಂತ್ರರಾಗಿದ್ದರೆ ಒಳ್ಳೆಯದು ಎಂದು ತೀರ್ಪು ಹೇಳುತ್ತದೆ. ಅಂದರೆ ನಿಮ್ಮ ಆಸ್ತಿ ಬರುವವರು ಬೇಡ, ಪ್ರತಿನಿಧಿಗಳೂ ಬೇಡ. ಪಕ್ಕದ ಮನೆಯವರು, ಸಹೋದ್ಯೋಗಿಗಳು ಸರಿ. ನಿಮಗಿಂತ ಚಿಕ್ಕವರಾದರೆ ಇನ್ನೂ ಒಳ್ಳೆಯದು. ನೀವು ಸಹಿ ಮಾಡುವುದನ್ನು ಅವರು ಕಣ್ಣಾರೆ ನೋಡಬೇಕು. ನೀವು ಒತ್ತಾಯವಿಲ್ಲದೆ, ಅರ್ಥ ಮಾಡಿಕೊಂಡು ಸಹಿ ಮಾಡಿದ್ದೀರಿ ಎಂದು ಸಾಕ್ಷಿಗಳೂ ನೋಟರಿಯೂ ಬರೆದು ದಾಖಲಿಸಬೇಕು. ಬರೀ ಸೀಲ್ ಒತ್ತಿ ಕೊಟ್ಟರೆ ಆ ಸಾಲು ಎಲ್ಲಿದೆ ಎಂದು ಕೇಳಿ.

ತೀರ್ಪಿನಲ್ಲಿ ಛಾಪಾ ಕಾಗದದ ಮಾತಿಲ್ಲ. ನೋಟರಿ ಕೇಳಿದರೆ ತಂದುಕೊಡಿ, ಅದಕ್ಕಾಗಿ ವಾದ ಬೇಡ.

ನಿಮ್ಮನ್ನು ನೋಡದೆಯೇ "ಕಾಗದ ಕಳಿಸಿ, ಸೀಲ್ ಹಾಕಿ ಕೊಡ್ತೀನಿ" ಅನ್ನುವ ನೋಟರಿ ಹತ್ತಿರ ಹೋಗಬೇಡಿ. ನಾಳೆ ಪತ್ರದ ಮೇಲೆ ಅನುಮಾನ ಬಂದರೆ ಮೊದಲ ಪ್ರಶ್ನೆ ಅದೇ.

ಮರೆವಿನ ಕಾಯಿಲೆಯ ಮೊದಲ ಲಕ್ಷಣಗಳು ಕಾಣಿಸಿಕೊಂಡಿದ್ದರೆ ತಡ ಮಾಡಬೇಡಿ. ಇನ್ನೂ ಅರ್ಥ ಮಾಡಿಕೊಂಡು ತೀರ್ಮಾನಿಸುವ ಶಕ್ತಿ ಇರುವಾಗಲೇ ಮಾಡಿಸಿ. ಅದೇ ದಿನ ಡಾಕ್ಟರ್ ಹತ್ತಿರ 'ಇವರಿಗೆ ತೀರ್ಮಾನಿಸುವ ಸಾಮರ್ಥ್ಯ ಇದೆ' ಎಂಬ ಸರ್ಟಿಫಿಕೇಟ್ ಪಡೆದು ಪತ್ರದ ಜೊತೆ ಇಡಿ. ನಿಯಮ ಇದನ್ನು ಕೇಳುವುದಿಲ್ಲ, ಆದರೆ ಮುಂದೆ ಬರುವ ತಕರಾರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಇಲ್ಲ.

## ಹಂತ 6: ಪ್ರತಿಗಳನ್ನು ತಲುಪಿಸಿ

ಪ್ರತಿನಿಧಿಗಳಿಗೆ ಒಂದೊಂದು ಪ್ರತಿ. ಕುಟುಂಬದ ಡಾಕ್ಟರ್ ಇದ್ದರೆ ಅವರಿಗೊಂದು. ಇನ್ನೊಂದು ನಿಮ್ಮ ಊರಿನ ಸ್ಥಳೀಯ ಸಂಸ್ಥೆಗೆ: ಮಹಾನಗರ ಪಾಲಿಕೆ, ನಗರಸಭೆ, ಪುರಸಭೆ ಅಥವಾ ಗ್ರಾಮ ಪಂಚಾಯಿತಿ. ಈ ಪತ್ರಗಳನ್ನು ಕಾಪಾಡಲು ಅಲ್ಲಿ ಒಬ್ಬ ಅಧಿಕಾರಿಯನ್ನು ನೇಮಿಸಬೇಕು ಎಂಬುದು ನಿಯಮ.

ಎಷ್ಟೋ ಕಚೇರಿಗಳಲ್ಲಿ "ಏನಿದು? ನಮಗೆ ಸಂಬಂಧ ಇಲ್ಲ" ಅನ್ನಬಹುದು. ಕೌಂಟರಿನಲ್ಲಿ ವಾದ ಮಾಡಬೇಡಿ. ಆಯುಕ್ತರು, ಮುಖ್ಯಾಧಿಕಾರಿ ಅಥವಾ ಪಿಡಿಒ ಹೆಸರಿಗೆ ಒಂದು ಪುಟದ ಮನವಿ ಬರೆಯಿರಿ. ಅದರಲ್ಲಿ 2023ರ ಜನವರಿ 24ರ ಆದೇಶವನ್ನು ಉಲ್ಲೇಖಿಸಿ, ಪತ್ರದ ಪ್ರತಿ ಲಗತ್ತಿಸಿ. ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಅದೂ ಆಗದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಆಭಾ ಖಾತೆ ಅಥವಾ ಬೇರೆ ಡಿಜಿಟಲ್ ಆರೋಗ್ಯ ದಾಖಲೆ ಇದ್ದರೆ ಅಲ್ಲಿಗೂ ಸೇರಿಸಿ. ಪತ್ರ ಅಸಲಿಯೋ ಅಲ್ಲವೋ ಎಂದು ಡಾಕ್ಟರ್ ಪರಿಶೀಲಿಸುವುದು ಡಿಜಿಟಲ್ ದಾಖಲೆಯಿಂದ ಅಥವಾ ಆ ಅಧಿಕಾರಿಯಿಂದ.

ಪ್ರತಿನಿಧಿಯ ಫೋನಿನಲ್ಲಿ ಸ್ಕ್ಯಾನ್ ಮಾಡಿದ ಪ್ರತಿ ಇರಲಿ. ನಿಮ್ಮ ಪರ್ಸಿನಲ್ಲಿ ಒಂದು ಚೀಟಿ: 'ನಾನು ನಿರ್ದೇಶನ ಪತ್ರ ಬರೆದಿದ್ದೇನೆ. ಇವರಿಗೆ ಫೋನ್ ಮಾಡಿ.'

## ಹಂತ 7: ಉಳಿದ ಮನೆಯವರಿಗೆ ಹೇಳಿ

ಹೆಸರಿಲ್ಲದವರಿಂದಲೇ ತೊಂದರೆ ಬರುವುದು ಜಾಸ್ತಿ. ವರ್ಷಗಟ್ಟಲೆ ದೂರ ಇದ್ದ ಮಗ ವಿಮಾನ ಇಳಿದು ನೇರ ಐಸಿಯುಗೆ ಬಂದು "ಏನು ಬೇಕಾದರೂ ಮಾಡಿ, ಅಪ್ಪನ್ನ ಉಳಿಸಿ" ಅನ್ನುತ್ತಾನೆ. ಅವನದು ತಪ್ಪಲ್ಲ. ಅವನಿಗೆ ಯಾರೂ ಹೇಳಿಲ್ಲ, ಅಷ್ಟೇ.

ಎಲ್ಲರೂ ಸೇರಿದಾಗ ನೀವೇ ಹೇಳಿ. ಪ್ರತಿನಿಧಿಯ ಬಾಯಿಂದ ಹೇಳಿಸಬೇಡಿ. "ಇವಳನ್ನು ಹೆಸರಿಸಿದ್ದೇನೆ. ಇವಳು ಹೇಳುವುದು ಇವಳ ಮಾತಲ್ಲ, ನನ್ನ ಮಾತು. ಆಗ ಇವಳ ಮೇಲೆ ಸಿಟ್ಟು ಮಾಡಬೇಡಿ." ಪ್ರತಿನಿಧಿಯ ಭಾರ ಇಳಿಸಲು ನೀವು ಮಾಡಬಹುದಾದ ದೊಡ್ಡ ಉಪಕಾರ ಇದು.

## ಹಂತ 8: ಆಸ್ಪತ್ರೆಯಲ್ಲಿ ಪ್ರತಿನಿಧಿ ಮಾಡಬೇಕಾದದ್ದು

ಈ ಭಾಗವನ್ನು ನಿಮ್ಮ ಪ್ರತಿನಿಧಿಗೆ ಓದಿಸಿ.

ದಾಖಲಾದ ದಿನವೇ ಪತ್ರದ ಪ್ರತಿಯನ್ನು ಡಾಕ್ಟರಿಗೆ ಕೊಡಿ, ಕೇಸ್ ಶೀಟಿಗೆ ಸೇರಿಸಲು ಹೇಳಿ. ಕಾಯಿಲೆ ಕೊನೆಯ ಹಂತ ತಲುಪಿದೆ ಅನ್ನಿಸಿದಾಗ ಆಸ್ಪತ್ರೆ ಮೊದಲ ವೈದ್ಯಕೀಯ ಮಂಡಳಿ ರಚಿಸುತ್ತದೆ. ಅದರಲ್ಲಿ ಚಿಕಿತ್ಸೆ ಕೊಡುತ್ತಿರುವ ಡಾಕ್ಟರ್ ಮತ್ತು ಕನಿಷ್ಠ 5 ವರ್ಷ ಅನುಭವ ಇರುವ ಇಬ್ಬರು ತಜ್ಞರು ಇರುತ್ತಾರೆ. ಅವರು ಒಪ್ಪಿದರೆ ಎರಡನೇ ಮಂಡಳಿ. ಅದರಲ್ಲಿ ಜಿಲ್ಲಾ ಮುಖ್ಯ ವೈದ್ಯಾಧಿಕಾರಿ ಹೆಸರಿಸಿದ ಒಬ್ಬ ಡಾಕ್ಟರ್ ಮತ್ತು ಮೊದಲ ಮಂಡಳಿಯಲ್ಲಿ ಇಲ್ಲದ ಇಬ್ಬರು ತಜ್ಞರು. ಎರಡೂ ಮಂಡಳಿಗಳು ಆದಷ್ಟು 48 ಗಂಟೆಯೊಳಗೆ ಅಭಿಪ್ರಾಯ ಕೊಡಬೇಕು.

ನಿಮ್ಮ ಒಪ್ಪಿಗೆ ಇಲ್ಲದೆ ಚಿಕಿತ್ಸೆ ನಿಲ್ಲಿಸುವುದಿಲ್ಲ. ನಿಲ್ಲಿಸುವ ಮೊದಲು ಆಸ್ಪತ್ರೆ ಮ್ಯಾಜಿಸ್ಟ್ರೇಟ್‌ಗೆ ವಿಷಯ ತಿಳಿಸುತ್ತದೆ. ಅದು ಆಸ್ಪತ್ರೆಯ ಕೆಲಸ, ನೀವು ಕೋರ್ಟಿಗೆ ಓಡಾಡಬೇಕಿಲ್ಲ.

ನೀವು ಮೂರು ವಿಷಯ ಕೇಳುತ್ತಲೇ ಇರಿ. ಮಂಡಳಿ ಯಾವಾಗ ಕೂರುತ್ತದೆ? ಅಭಿಪ್ರಾಯವನ್ನು ಬರೆದು ಕೊಡುತ್ತೀರಾ? ಪ್ಯಾಲಿಯೇಟಿವ್ ಕೇರ್ ತಂಡ ಯಾವಾಗ ಬಂದು ನೋಡುತ್ತದೆ?

ಡಾಕ್ಟರಿಗೇ ಖಚಿತ ಇಲ್ಲದ ದಿನಗಳೂ ಇರುತ್ತವೆ. ಆಗ "ಮೂರು ದಿನ ಈ ಚಿಕಿತ್ಸೆ ಕೊಟ್ಟು ನೋಡೋಣ. ಏನು ಸುಧಾರಿಸಿದರೆ ಮುಂದುವರಿಸುತ್ತೀರಿ, ಏನು ಆಗದಿದ್ದರೆ ನಿಲ್ಲಿಸುತ್ತೀರಿ, ಈಗಲೇ ಹೇಳಿ" ಎಂದು ಕೇಳಿ. ಅವಧಿ ಹಾಕಿಕೊಂಡು ಶುರು ಮಾಡಿದ ಚಿಕಿತ್ಸೆಯನ್ನು ನಿಲ್ಲಿಸುವುದು ಎಲ್ಲರಿಗೂ ಸ್ವಲ್ಪ ಸುಲಭ.

"ನಮ್ಮ ಆಸ್ಪತ್ರೆಯಲ್ಲಿ ಇದೆಲ್ಲ ನಡೆಯಲ್ಲ" ಎಂದರೆ ಡ್ಯೂಟಿ ಡಾಕ್ಟರ್ ಜೊತೆ ಜಗಳಕ್ಕೆ ನಿಲ್ಲಬೇಡಿ. ಮೆಡಿಕಲ್ ಸೂಪರಿಂಟೆಂಡೆಂಟ್‌ಗೆ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ. ಮಂಡಳಿಯೇ ಅನುಮತಿ ನಿರಾಕರಿಸಿದರೆ ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ಹೋಗಬಹುದು. ಪ್ರತಿನಿಧಿಗೂ, ಚಿಕಿತ್ಸೆ ಕೊಡುತ್ತಿರುವ ಡಾಕ್ಟರಿಗೂ, ಆಸ್ಪತ್ರೆ ಸಿಬ್ಬಂದಿಗೂ ಆ ಹಕ್ಕಿದೆ.

## ಬದಲಾಯಿಸುವುದು, ರದ್ದು ಮಾಡುವುದು

ತೀರ್ಮಾನಿಸುವ ಶಕ್ತಿ ಇರುವವರೆಗೂ ಯಾವಾಗ ಬೇಕಾದರೂ ಬದಲಾಯಿಸಬಹುದು. ಆದರೆ ಹಳೆಯ ಪತ್ರದ ಮೇಲೆ ಪೆನ್ನಿನಲ್ಲಿ ಹೆಸರು ಹೊಡೆದು ಬೇರೆ ಹೆಸರು ಬರೆಯಬೇಡಿ. ಬದಲಾವಣೆಯೂ ಲಿಖಿತವಾಗಿ, ಅದೇ ಸಾಕ್ಷಿ, ನೋಟರಿ ಕ್ರಮದಲ್ಲೇ ಆಗಬೇಕು. ಎರಡು ಪತ್ರ ಇದ್ದರೆ ಕೊನೆಗೆ ಸಹಿ ಮಾಡಿದ್ದೇ ನಡೆಯುತ್ತದೆ. ಗೊಂದಲ ಆಗದಿರಲು ಹಳೆಯ ಪ್ರತಿಗಳನ್ನೆಲ್ಲ ವಾಪಸ್ ತೆಗೆದುಕೊಳ್ಳಿ.

ಪ್ರತಿನಿಧಿ ತೀರಿಕೊಂಡಾಗ, ಊರು ಬಿಟ್ಟಾಗ, ವಿಚ್ಛೇದನ ಆದಾಗ, ನಿಮಗೆ ಹೊಸ ಕಾಯಿಲೆ ಗೊತ್ತಾದಾಗ ಪತ್ರ ತೆಗೆದು ಓದಿ. ಬರೀ ಫೋನ್ ನಂಬರ್ ಬದಲಾಗಿದ್ದರೆ ಎಲ್ಲ ಪ್ರತಿಗಳಿಗೂ ಒಂದು ಚೀಟಿ ಲಗತ್ತಿಸಿದರೆ ಸಾಕು.

## ಮಾನಸಿಕ ಕಾಯಿಲೆಗೆ ಬೇರೆಯೇ ಕಾಗದ

ಮೇಲೆ ಹೇಳಿದ ಪತ್ರ ಮಾನಸಿಕ ಕಾಯಿಲೆಯ ಚಿಕಿತ್ಸೆಗೆ ಉಪಯೋಗಕ್ಕೆ ಬರುವುದಿಲ್ಲ. ಅದಕ್ಕೆ 2017ರ ಮಾನಸಿಕ ಆರೋಗ್ಯ ರಕ್ಷಣೆ ಕಾಯ್ದೆ ಇದೆ. ಅದರ 14ನೇ ಸೆಕ್ಷನ್ ಪ್ರಕಾರ ವಯಸ್ಕರು ಯಾರು ಬೇಕಾದರೂ ತಮಗೊಬ್ಬ ನಾಮನಿರ್ದೇಶಿತ ಪ್ರತಿನಿಧಿಯನ್ನು ಆರಿಸಿಕೊಳ್ಳಬಹುದು. ಬಿಳಿ ಹಾಳೆಯಲ್ಲಿ ಬರೆದು ಸಹಿ ಅಥವಾ ಹೆಬ್ಬೆಟ್ಟು ಹಾಕಿದರೆ ಆಯಿತು, ನೋಟರಿ ಬೇಕಿಲ್ಲ. ಆ ವ್ಯಕ್ತಿ ವಯಸ್ಕರಾಗಿರಬೇಕು ಮತ್ತು ಒಪ್ಪಿಗೆಯನ್ನು ಬರೆದು ಕೊಡಬೇಕು. ಸಂಬಂಧಿಯೇ ಆಗಿರಬೇಕೆಂದಿಲ್ಲ. ಯಾವ ರೀತಿಯ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮುಂಚೆಯೇ ಬರೆದಿಡಲು ಅದೇ ಕಾಯ್ದೆಯ 5ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಹಿಂದೆ ಒಮ್ಮೆ ಮಾನಸಿಕ ಕಾಯಿಲೆಗೆ ಆಸ್ಪತ್ರೆ ಸೇರಿದ್ದವರು, ಆರಾಮಾಗಿರುವ ದಿನಗಳಲ್ಲೇ ಈ ಎರಡೂ ಕಾಗದ ಮಾಡಿ ತಮ್ಮ ಮನೋವೈದ್ಯರ ಫೈಲಿಗೆ ಸೇರಿಸಿಡಲಿ.